ಗೋಡೆಯ ಮೇಲಿನ ಚಂದ್ರ

ನವೆಂಬರ್ 4
ಮರುಭೂಮಿಯ ಅಂಚು, ಟಾರು ರಸ್ತೆ ಮುಗಿಯುವಲ್ಲಿನ ಬಂಗಲೆ

ಮೈದುನ ಮಹಾಶಯನಿಗೆ ಅತ್ತಿಗೆಯ ಆಶೀರ್ವಾದ.

ತಲುಪಿದೆವು. ಮೂವರೂ ಕ್ಷೇಮ, ಕಾರೂ ಕ್ಷೇಮ. ಇದನ್ನು ಮೊದಲು ನಿನ್ನ ಅಣ್ಣನಿಗೆ ಓದಿ ಹೇಳು. ಇಲ್ಲದಿದ್ದರೆ ಹೆಂಡತಿಯ ಚಿಂತೆಯಲ್ಲಿ ಅವರು ಯಾರದೋ ಬಾಯಿಗೆ ಯಾರದೋ ಹಲ್ಲಿನ ಸೆಟ್ಟು ಕೂರಿಸಿ ಕಳಿಸಿಯಾರು.

ನೀನು ಕೇಳಿಕೊಂಡಂತೆ ಪತ್ರವನ್ನೇ ಬರೆಯುತ್ತಿದ್ದೇನೆ. ಹೇಗೂ ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಸಂಜೆ ಒಂದು ಬಸ್ಸು ಬಂದು ರಾತ್ರಿ ತಿರುಗಿ ಹೊರಡುತ್ತದೆ. ಅದರ ಡ್ರೈವರ್ ಕೈಗೆ ಕೊಟ್ಟರೆ ನಮ್ಮೂರಿನ ಅಂಚೆ ಡಬ್ಬಿಗೆ ಹಾಕುತ್ತಾನಂತೆ. ನೀನು ಇದನ್ನು ಏಣಿಯ ಮೇಲೆ ಕೂತೇ ಓದುತ್ತೀಯೆಂದು ಗೊತ್ತು. ಬಿದ್ದುಗಿದ್ದು ಕೆಳಗೆ ನಿಲ್ಲಿಸಿರುವ ನನ್ನ ಮ್ಯೂಸಿಯಂ ಪ್ರಾಣಿಗಳನ್ನು ಮುರಿಯಬೇಡ.

ಪ್ರಯಾಣದ ಕಥೆ ಕೇಳು. ನಮ್ಮ ಡ್ರೈವಿಂಗ್ ಟೀಚರಮ್ಮ ತನ್ನ ಶಾಲೆಯ ಕಾರನ್ನೇ ತಂದಿದ್ದಾಳೆ. ಹಿಂದೆ ಮುಂದೆ ‘ಎಲ್’ ಬೋರ್ಡು, ಪಕ್ಕದ ಸೀಟಿಗೂ ಒಂದು ಬ್ರೇಕು. ಸ್ಟೀರಿಂಗು ಯಾರ ಕೈಯಲ್ಲಿದ್ದರೂ ಆ ಬ್ರೇಕಿನ ಮೇಲೆ ಇವಳ ಕಾಲು. ಅವಳಿಗೆ ‘ಬ್ರೇಕು’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಹಿಂದಿನ ಸೀಟಿನಲ್ಲಿ ನರ್ಸಮ್ಮ. ಪೆಟ್ರೋಲ್ ಹಾಕುವವನಿಂದ ಹಿಡಿದು ಎಲ್ಲರ ಮುಖ ನೋಡಿಯೇ ಬಿ.ಪಿ. ಎಷ್ಟಿರಬಹುದೆಂದು ಹೇಳುತ್ತಾಳೆ. ಅವಳ ಪಕ್ಕದ ಸೀಟಿನಲ್ಲಿ ನೀನು ಕೂರಬೇಕಿತ್ತು. ಈಗ ಅಲ್ಲಿ ಸ್ಟೌ ಕೂತಿದೆ. ಇಪ್ಪತ್ತೈದನೇ ತಾರೀಖಿಗೆ ನಮ್ಮ ಮರುಭೂಮಿ ಕೋಣೆಯ ಉದ್ಘಾಟನೆ ಇಟ್ಟುಕೊಂಡವನಿಗೆ ಬಿಡುವು ಎಲ್ಲಿಂದ ಬರಬೇಕು, ಒಪ್ಪಿದೆ.

ಬಂಗಲೆ ಇನ್ನೇನು ಸಿಕ್ಕಿತು ಅನ್ನುವಾಗ ಜಿಂಕೆಗಳ ಹಿಂಡು ದಾರಿ ದಾಟಿತು. ನಾನು ಓಡಿಸುತ್ತಿದ್ದೆ, ಬ್ರೇಕು ಬ್ರೇಕ್ ಹಾಕಿದಳು. ಅಷ್ಟು ಹತ್ತಿರದಿಂದ ನಾನು ಜೀವಂತ ಜಿಂಕೆ ನೋಡಿದ್ದೇ ಇಲ್ಲ. ಇಪ್ಪತ್ತು ವರ್ಷದಿಂದ ಮ್ಯೂಸಿಯಮ್ಮಿನಲ್ಲಿ ಸತ್ತ ಪ್ರಾಣಿಗಳ ಚರ್ಮಕ್ಕೆ ಮೈ ತುಂಬಿಸಿ ನಿಲ್ಲಿಸುವವಳ ಬಾಯಿಂದ ಹೊರಟ ಮೊದಲ ಮಾತು ಏನು ಗೊತ್ತೇ? “ಹೊಲಿಗೆ ಎಲ್ಲೂ ಕಾಣಿಸ್ತಿಲ್ಲ ನೋಡ್ರೇ.” ಇಬ್ಬರೂ ಇನ್ನೂ ನಗುತ್ತಿದ್ದಾರೆ.

ಈಗ ನೀನು ಕಾಯುತ್ತಿರುವ ವಿಷಯ. ರಾತ್ರಿ ಅಂಗಳದಲ್ಲಿ ಚಾಪೆ ಹಾಕಿಕೊಂಡು ಮಲಗಿ ನೋಡಿದೆವು. ಚಂದ್ರ ನೀನು ಕೋಣೆಯ ಗೋಡೆಯ ಮೇಲೆ ಬರೆದಂತೆಯೇ ಇದ್ದಾನೆ, ಕಲೆಗಳ ಸಮೇತ. ಮರಳು ಹಾಲು ಚೆಲ್ಲಿದ ಹಾಗಿತ್ತು. ಆದರೆ ನಕ್ಷತ್ರ ಬೆರಳೆಣಿಕೆಯಷ್ಟು. ಧೂಳಿರಬೇಕು. ನಿನ್ನ ಗೋಡೆಯ ಆಕಾಶಗಂಗೆಯನ್ನು ದಿನಾ ನೋಡಿದವಳಿಗೆ ಇದು ಸಪ್ಪೆ ಎನಿಸಿತು. ನಿಜವಾದದ್ದಕ್ಕಿಂತ ನಿನ್ನದೇ ಚೆನ್ನಾಗಿದೆ ಕಣೋ.

ನಿನ್ನ ಅತ್ತಿಗೆ


ನವೆಂಬರ್ 7
ಮ್ಯೂಸಿಯಂ, ಏಣಿಯ ಮೇಲಿನಿಂದ

ಅತ್ತಿಗೆಗೆ ನಮಸ್ಕಾರಗಳು.

ಪತ್ರ ಬಂತು. ಅಣ್ಣನಿಗೆ ಓದಿ ಹೇಳಿದೆ. ಹಲ್ಲಿನ ಸೆಟ್ಟಿನ ಮಾತಿಗೆ ನಕ್ಕ, ಆಮೇಲೆ ಒಳಗೆ ಹೋಗಿ ಯಾವುದೋ ಸೆಟ್ಟನ್ನು ಇನ್ನೊಮ್ಮೆ ಪರೀಕ್ಷಿಸಿದ. ಅಡುಗೆಯನ್ನೂ ಅವನೇ ಮಾಡುತ್ತಿದ್ದಾನೆ. ಅದನ್ನು ಅಗಿಯಲು ಅವನು ಕಟ್ಟಿದ ಹಲ್ಲುಗಳೂ ಸಾಲವು.

ನಿಮ್ಮ ಪತ್ರದ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ನಾವಿಬ್ಬರೂ ಒಂದೇ ಕಟ್ಟಡದಲ್ಲಿ ಕೆಲಸ ಮಾಡಲು ತೊಡಗಿದಂದಿನಿಂದ ನೀವು ನನ್ನ ಕೆಲಸಕ್ಕೆ ‘ಪರವಾಗಿಲ್ಲ’ಕ್ಕಿಂತ ದೊಡ್ಡ ಮಾತು ಆಡಿದ್ದಿಲ್ಲ. ಖುಷಿ ತಡೆಯಲಾರದೆ ಡೈರೆಕ್ಟರ ಕೋಣೆಗೆ ಹೋಗಿ ಆ ಸಾಲನ್ನು ಓದಿಬಿಟ್ಟೆ. ಅವರು ಕುರ್ಚಿಯಿಂದ ಎದ್ದರು. “ಇದನ್ನೇ ಆಮಂತ್ರಣದಲ್ಲಿ ಹಾಕೋಣ ರೀ, ಇದಕ್ಕಿಂತ ಇನ್ನೇನು ಬೇಕು?” ಅಂದರು. ಕಾರ್ಡಿನ ಮೇಲೆ ನನ್ನ ಗೋಡೆಯ ಫೋಟೋ, ಮಧ್ಯದಲ್ಲಿ ಚಂದ್ರ, ಅವನ ಹಿಂದೆ ಆಕಾಶಗಂಗೆ. ಕೆಳಗೆ ‘ಮರುಭೂಮಿಯ ರಾತ್ರಿ: ನಿಜವಾದದ್ದಕ್ಕಿಂತ ಚೆನ್ನ’ ಎಂದು ದಪ್ಪಕ್ಷರ. ನಾಳೆ ಅಚ್ಚಿಗೆ ಹೋಗುತ್ತದೆ.

ನಿಮಗೆ ಗೊತ್ತಲ್ಲ, ಇಲ್ಲಿಗೆ ಬರುವ ಮೊದಲು ನಾನು ಬರೆದದ್ದೆಲ್ಲ ಸಿನಿಮಾ ಹೋರ್ಡಿಂಗು. ನಾಯಕನ ಕೆನ್ನೆ, ನಾಯಕಿಯ ಮೂಗುತಿ. ವಾರ ಕಳೆದರೆ ಅದರ ಮೇಲೆ ಇನ್ನೊಂದು ಮುಖ. ಇಲ್ಲಿಗೆ ಬಂದ ಮೇಲೂ ನಿಮ್ಮ ಹಕ್ಕಿಗಳ ಹಿಂದೆ ಒಂದಿಷ್ಟು ಪೊದೆ ಬರೆದೆ, ಅಷ್ಟೆ. ಒಂದು ಇಡೀ ಕೋಣೆ, ನೆಲದಿಂದ ಮಾಡಿನವರೆಗೆ ನನ್ನದೇ ಆಕಾಶ ಎಂದು ಸಿಕ್ಕಿದ್ದು ಈ ವಯಸ್ಸಿಗೆ. ಅದರಲ್ಲೂ ಆ ಚಂದ್ರನಿಗೆ ಇಡೀ ಮಳೆಗಾಲ ಕೂತಿದ್ದೇನೆ. ಬಂದವರೆಲ್ಲ ಮೊದಲು ನೋಡುವುದು ಅವನನ್ನೇ.

ಧೂಳು ಇಳಿದ ಮೇಲೆ ಆಕಾಶ ಹೇಗಿತ್ತೆಂದು ಬರೆಯಿರಿ. ನೆಲದ ಅಂಚಿನಲ್ಲಿ ನಕ್ಷತ್ರ ಎಲ್ಲಿಯವರೆಗೆ ಕಾಣುತ್ತದೆ ನೋಡಿ. ಅಲ್ಲಿ ಸ್ವಲ್ಪ ತಿದ್ದುವುದಿದೆ.

ನಿಮ್ಮ ಮೈದುನ


ನವೆಂಬರ್ 10
ಬಂಗಲೆ

ಮೈದುನನಿಗೆ,

ಆಮಂತ್ರಣದಲ್ಲಿ ನನ್ನ ಮಾತು ಹಾಕುವ ಮೊದಲು ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಇರಲಿ.

ನಿನ್ನೆ ನರಿ ನೋಡಿದೆ. ನಾವು ಕಣಿವೆಯ ಹತ್ತಿರ ಕಾರು ನಿಲ್ಲಿಸಿ ಚಹಾ ಕಾಯಿಸುತ್ತಿದ್ದೆವು. ಸೂರ್ಯ ಆಗಷ್ಟೇ ಇಳಿದಿದ್ದ. ಪೊದೆಯ ಮರೆಯಿಂದ ಎದ್ದು ಬಂದು ನಮ್ಮೆದುರೇ ಕೂತಿತು. ಬೆಕ್ಕಿಗಿಂತ ಚೂರು ದೊಡ್ಡದು, ಕಿವಿ ಮಾತ್ರ ಮೈಗೆ ಒಪ್ಪದಷ್ಟು ದೊಡ್ಡದು. ನಮ್ಮನ್ನು ನೋಡಿತು, ಹಿಂಗಾಲಿನಿಂದ ಕಿವಿ ಕೆರೆದುಕೊಂಡಿತು, ಮತ್ತೆ ನೋಡಿತು. ನರ್ಸಮ್ಮ “ಆರೋಗ್ಯವಾಗಿದೆ” ಎಂದಳು. ನಾನು ಅದರ ಬಾಯಿಯನ್ನೇ ನೋಡುತ್ತಿದ್ದೆ. ಬಾಯಿ ಮುಚ್ಚಿತ್ತು.

ನಮ್ಮ ಕೋಣೆಯ ನರಿ ನೆನಪಾಯಿತೇ? ಹಲ್ಲು ಕಿರಿದುಕೊಂಡು, ಈಗಲೋ ಆಗಲೋ ಯಾರನ್ನೋ ಕಚ್ಚುವ ಹಾಗೆ ನಿಂತಿದೆ. ನಾನೇಕೆ ಹಾಗೆ ನಿಲ್ಲಿಸಿದೆ ಎಂದು ನಿನಗೂ ಗೊತ್ತು. ಚರ್ಮ ಬಂದಾಗ ತಲೆಬುರುಡೆ ಜೊತೆಗಿರಲಿಲ್ಲ, ಹಲ್ಲಿನ ಸೆಟ್ಟನ್ನು ನಿನ್ನ ಅಣ್ಣನೇ ಮಾಡಿಕೊಟ್ಟರು. ಒಂದೊಂದು ಹಲ್ಲನ್ನೂ ಅರದಿಂದ ಉಜ್ಜಿ, ಕೋರೆಹಲ್ಲಿಗೆ ಚೂರು ಹಳದಿ ಕೊಟ್ಟು, ಪೆಟ್ಟಿಗೆಯಲ್ಲಿ ಹತ್ತಿ ಇಟ್ಟು ತಂದರು. ಗಂಡ ಅಷ್ಟು ಚೆನ್ನಾಗಿ ಹಲ್ಲು ಮಾಡಿಕೊಟ್ಟ ಮೇಲೆ ಬಾಯಿ ಮುಚ್ಚಿಸಲು ಯಾವ ಹೆಂಡತಿಗೆ ಮನಸ್ಸು ಬರುತ್ತದೆ? ಹಾಗಾಗಿ ನಮ್ಮ ಮನೆಯ ಪ್ರೀತಿಗೆ ಆ ಬಡ ನರಿ ವರ್ಷಗಟ್ಟಲೆ ಹಲ್ಲು ಕಿರಿಯುತ್ತ ನಿಂತಿದೆ. ಬಂದ ತಕ್ಷಣ ಅದರ ಬಾಯಿ ಮುಚ್ಚುತ್ತೇನೆ. ಅಣ್ಣನಿಗೆ ನೀನೇ ಮೆಲ್ಲಗೆ ಹೇಳು.

ಇವತ್ತು ಒಂದು ಇಲಿ ನೋಡಿದೆವು, ಹಿಂಗಾಲು ಮೈಯಷ್ಟೇ ಉದ್ದ, ಕುಪ್ಪಳಿಸುತ್ತದೆ. ಬ್ರೇಕು ಅದಕ್ಕೂ ಬ್ರೇಕ್ ಹಾಕಿದಳು, ಕಾರು ನಿಂತೇ ಇತ್ತು. ಗೂಬೆ ಒಂದು ಮೈಲಿಗಲ್ಲಿನ ಮೇಲೆ ಕೂತು ನಮ್ಮನ್ನು ಬೈಯುವಂತೆ ನೋಡಿತು.

ಆಕಾಶದ ವಿಷಯ ಮುಂದೆ ಬರೆಯುತ್ತೇನೆ. ಎರಡು ರಾತ್ರಿಯಿಂದ ಬೇಗ ಮಲಗಿಬಿಡುತ್ತಿದ್ದೇನೆ, ಮೈಕೈ ನೋವು.

ಅತ್ತಿಗೆ


ನವೆಂಬರ್ 12
ಮ್ಯೂಸಿಯಂ

ಅತ್ತಿಗೆಗೆ,

ಅಣ್ಣನಿಗೆ ನರಿಯ ವಿಷಯ ಹೇಳಿದೆ. ಮುಖ ಸಣ್ಣದು ಮಾಡಿಕೊಂಡ. “ಮುಚ್ಚಿಸಲೇಬೇಕಂತಾ?” ಎಂದ. ನಾನು ಬಿಡಲಿಲ್ಲ. ತಪ್ಪು ಅಂತ ಕಣ್ಣಾರೆ ಕಂಡ ಮೇಲೆ ತಿದ್ದಲೇಬೇಕು, ಮನೆಯವರ ಹಲ್ಲು ಅಂತ ಮುಲಾಜು ನೋಡಬಾರದು ಎಂದೆ. ಸರಿ ತಾನೆ?

ಆಮಂತ್ರಣ ಅಚ್ಚಾಗಿ ಬಂದು ಹಂಚಿಯೂ ಆಯಿತು. ಹಳೆಯ ಹೋರ್ಡಿಂಗಿನ ಗೆಳೆಯರಿಗೆಲ್ಲ ಕೊಟ್ಟೆ. ಒಬ್ಬ ಅದನ್ನು ತನ್ನ ಅಂಗಡಿಯ ಕನ್ನಡಿಗೆ ಸಿಕ್ಕಿಸಿದ್ದಾನೆ.

ಅತ್ತಿಗೆ, ಒಂದು ಮಾತು. ನಿಮಗೆ ಮೈಕೈ ನೋವು ಬಂದದ್ದನ್ನು ನಾನು ಈ ಮನೆಯಲ್ಲಿ ಯಾವತ್ತೂ ಕೇಳಿಲ್ಲ. ಕಾಲು ಮುರಿದಾಗಲೂ ‘ಚೂರು ಉಳುಕಿದೆ’ ಎಂದವರು ನೀವು. ಪ್ರತಿ ರಾತ್ರಿಯ ಆಕಾಶ ಬರೆಯುತ್ತೇನೆಂದು ಹೋದವರು ನರಿ, ಇಲಿ, ಗೂಬೆ ಎಲ್ಲ ಬರೆದು ಆಕಾಶವನ್ನು ಬಿಟ್ಟಿದ್ದೀರಿ. ಏನೋ ಇದೆ. ನೀವು ಬೈದರೆ ನನಗೆ ಅಭ್ಯಾಸವಿದೆ, ಸುಮ್ಮನಿದ್ದರೆ ಭಯವಾಗುತ್ತದೆ. ಏನಿದ್ದರೂ ಬರೆಯಿರಿ.

ನಿಮ್ಮ ಮೈದುನ


ನವೆಂಬರ್ 14
ಬಂಗಲೆ

ಮೈದುನನಿಗೆ,

ಕೂತ್ಕೊಂಡು ಓದು. ಏಣಿಯ ಮೇಲಲ್ಲ, ನೆಲದ ಮೇಲೆ.

ಮೊದಲ ರಾತ್ರಿ ನಾನು ನೋಡಿದ್ದು ಧೂಳಲ್ಲ, ಹುಣ್ಣಿಮೆ. ಎಂಟನೇ ತಾರೀಖಿನ ರಾತ್ರಿ ಚಂದ್ರ ತಡವಾಗಿ ಹುಟ್ಟಿದ. ಅವನು ಬರುವವರೆಗೆ ಒಳ್ಳೆಯ ಕತ್ತಲು. ಆ ಹೊತ್ತಿನಲ್ಲಿ ತಲೆಯೆತ್ತಿದರೆ, ದೇವರೇ! ಆಕಾಶಗಂಗೆ ಈ ತುದಿಯಿಂದ ಆ ತುದಿಗೆ ಹೊಗೆಯಂತೆ ಹಬ್ಬಿತ್ತು. ಆಮೇಲೆ ಪೂರ್ವದಲ್ಲಿ ಚಂದ್ರ ಬಂದ. ಅವನು ಮೇಲೇರಿದಷ್ಟೂ ಅದು ತೆಳುವಾಗುತ್ತ ಹೋಯಿತು. ಕೊನೆಗೆ ಎಲ್ಲಿತ್ತೆಂದು ಬೆರಳಿಟ್ಟು ತೋರಿಸಲೂ ಆಗಲಿಲ್ಲ.

ಚಂದ್ರನಿದ್ದಾಗ ಆಕಾಶಗಂಗೆ ಇಲ್ಲ. ಆಕಾಶಗಂಗೆ ಇರಬೇಕಾದರೆ ಅಂಥ ಚಂದ್ರ ಇರಕೂಡದು. ನಿನ್ನ ಗೋಡೆಯ ಮೇಲೆ ಎರಡೂ ಇವೆ.

ತಪ್ಪು ನಿನ್ನೊಬ್ಬನದಲ್ಲ. ಹುಟ್ಟಿದಾಗಿನಿಂದ ಬೀದಿದೀಪದ ಕೆಳಗೆ ಬದುಕಿದವರು ನಾವು. ನೀನು ಒಂದು ಪುಸ್ತಕದಿಂದ ಚಂದ್ರನನ್ನು ತೆಗೆದುಕೊಂಡೆ, ಇನ್ನೊಂದರಿಂದ ಆಕಾಶಗಂಗೆಯನ್ನು. ನಾನು ಆ ಗೋಡೆಯ ಕೆಳಗೆ ಕೂತು ಒಂದು ವರ್ಷ ಪ್ರಾಣಿಗಳ ಕಾಲಿಗೆ ತಂತಿ ಕಟ್ಟಿದೆ, ನನಗೂ ಹೊಳೆಯಲಿಲ್ಲ. ಮೇಲಿಂದ ‘ನಿನ್ನದೇ ಚೆನ್ನ’ ಎಂದು ಬೇರೆ ಬರೆದೆ. ಅದು ಕಾರ್ಡಿನ ಮೇಲೆ ಕೂತಿತು.

ನಿನಗೆ ಹೇಳುವುದೋ ಬೇಡವೋ ಎಂದು ಇಲ್ಲಿ ದೊಡ್ಡ ಪಂಚಾಯಿತಿಯೇ ನಡೆಯಿತು. ಬ್ರೇಕು, “ಈಗ ಹೇಳ್ಬೇಡ ಕಣೇ, ಉದ್ಘಾಟನೆ ಒಂದು ಮುಗೀಲಿ, ಪಾಪ ಎಷ್ಟು ಖುಷಿಯಾಗಿದಾನೆ” ಎಂದಳು. ನರ್ಸಮ್ಮ, “ಆಪರೇಶನ್ ಆದ್ಮೇಲೆ ಕತ್ತರಿ ಒಳಗೇ ಉಳಿದಿದೆ ಅಂತ ಹೇಳಿದ್ರೆ ಏನುಪಯೋಗ?” ಎಂದಳು. ನಾನು ಆರು ದಿನ ಬ್ರೇಕಿನ ಮಾತು ಕೇಳಿದೆ. ನಿನ್ನ ಪತ್ರ ಬಂದ ಮೇಲೆ ತಡೆಯಲಾಗಲಿಲ್ಲ.

ಎರಡರಲ್ಲಿ ಒಂದು ಹೋಗಬೇಕು. ಯಾವುದು ಎನ್ನುವುದು ನಿನಗೆ ಬಿಟ್ಟದ್ದು. ಇನ್ನೂ ಹತ್ತು ದಿನ ಇದೆ, ನಿನ್ನ ಕೈಗೆ ಅದು ಸಾಕು. ನಿನ್ನ ಕೈ ನನಗೆ ಗೊತ್ತಿಲ್ಲವೇ?

ಅತ್ತಿಗೆ


ನವೆಂಬರ್ 16

ಅತ್ತಿಗೆಗೆ,

ಪತ್ರ ತಲುಪಿತು.

ಸಿನಿಮಾ ನೋಡಲು ಬಂದವರು ಯಾರೂ ಹೋರ್ಡಿಂಗಿನ ಮುಂದೆ ನಿಂತು ನಾಯಕನ ಕೆನ್ನೆ ನಿಜಕ್ಕೂ ಅಷ್ಟು ಕೆಂಪೇ ಎಂದು ಕೇಳಲಿಲ್ಲ. ನಮ್ಮೂರಿನ ಜನ ಚಂದ್ರನನ್ನೂ ನೋಡಲು ಬರುತ್ತಾರೆ, ಆಕಾಶಗಂಗೆಯನ್ನೂ ನೋಡಲು ಬರುತ್ತಾರೆ. ಎರಡೂ ಇರುತ್ತವೆ. ಕಾರ್ಡು ಊರೆಲ್ಲ ಹಂಚಿಯಾಗಿದೆ.

ಒಂದು ನರಿಯ ಬಾಯಿ ಮುಚ್ಚುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ನಿಮಗೆ ಇನ್ನೂ ಇಪ್ಪತ್ತು ಪ್ರಾಣಿಗಳಿವೆ. ನನಗಿರುವುದು ಒಂದು ಗೋಡೆ.

ಎರಡು ವಾರ ಅಂಗಳದಲ್ಲಿ ಚಾಪೆ ಹಾಕಿ ಮಲಗಿದವರಿಗೆ ಎಲ್ಲ ತಿಳಿದುಬಿಟ್ಟಿತು. ಸಂತೋಷ. ಇನ್ನು ಪತ್ರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.


ನವೆಂಬರ್ 18
ಬಂಗಲೆ

ಮೈದುನನಿಗೆ,

ತೊಂದರೆ ತೆಗೆದುಕೊಳ್ಳುತ್ತಿದ್ದೇನೆ. ನೀನು ಬೇಡ ಎಂದಾಕ್ಷಣ ನಾನು ಸುಮ್ಮನಾದ ಉದಾಹರಣೆ ಒಂದಿದ್ದರೆ ಹೇಳು.

ಕೋಪ ಮಾಡಿಕೋ, ನಿನಗೆ ಹಕ್ಕಿದೆ. ನಿನಗೆ ಕೋಪ ಬಂದರೆ ಅಕ್ಷರ ಚಿಕ್ಕದಾಗುತ್ತದೆ. ಈ ಸಲ ಓದಲು ನರ್ಸಮ್ಮನ ಕನ್ನಡಕ ಬೇಕಾಯಿತು. ಆದರೆ ಜನಕ್ಕೆ ತಿಳಿಯುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ದಿನ ಯಾರೋ ಇಲ್ಲಿಗೆ ಬಂದು ಹೋಗಿ ನಮ್ಮ ಕೋಣೆಗೆ ಬರುತ್ತಾರೆ. ಬಂದು, ‘ಇವರು ನೋಡೇ ಇಲ್ಲ’ ಎಂದು ಮನಸ್ಸಿನಲ್ಲೇ ಅಂದುಕೊಂಡು ಹೊರಗೆ ಹೋಗುತ್ತಾರೆ. ನಿನ್ನ ಬಗ್ಗೆ ಯಾರೂ ಹಾಗೆ ಅಂದುಕೊಳ್ಳುವುದು ನನಗೆ ಬೇಡ. ಅದಕ್ಕೇ ಬರೆದೆ. ನಿನ್ನ ಮೇಲಿನ ಅಭಿಮಾನಕ್ಕೆ ಬರೆದೆ, ತಿಳಿದವಳೆಂದು ತೋರಿಸಿಕೊಳ್ಳಲು ಅಲ್ಲ.

ಇನ್ನೂ ನಾಲ್ಕು ದಿನ ಇರುವುದೆಂದಿತ್ತು. ಬೇಡ, ನಾಳೆ ಬೆಳಿಗ್ಗೆ ಹೊರಡುತ್ತಿದ್ದೇವೆ. ಇಬ್ಬರೂ ಮರುಮಾತಾಡದೆ ಒಪ್ಪಿದರು. ನಿನ್ನೆದುರು ಕೂತು ಬೈಸಿಕೊಳ್ಳುತ್ತೇನೆ. ಆಮೇಲೆ ನೀನು ಏನು ಮಾಡಿದರೂ ಸರಿ.

ಅತ್ತಿಗೆ


ನವೆಂಬರ್ 20
ಮ್ಯೂಸಿಯಂ

ಮೈದುನನಿಗೆ, ಬಂಗಲೆಯ ವಿಳಾಸಕ್ಕೆ.

ಓಡೋಡಿ ಬಂದೆ. ಮನೆಯಲ್ಲಿ ನಿನ್ನ ಕೋಣೆಗೆ ಬೀಗ. ನಾನು ಹದಿನೆಂಟರಂದು ಬರೆದ ಪತ್ರ ಇವತ್ತು ಬೆಳಿಗ್ಗೆ ಅಂಚೆಯಲ್ಲಿ ಬಂತು, ನಾನೇ ತೆಗೆದುಕೊಂಡೆ. ಅದನ್ನೂ ಇದರ ಜೊತೆ ಹಾಕಿದ್ದೇನೆ. ನೀನು ಎಲ್ಲಿ ಎಂದು ಅಣ್ಣನನ್ನು ಕೇಳಿದರೆ, “ದಪ್ಪ ಕಂಬಳಿ ಎಲ್ಲಿದೆ ಅಂತ ಕೇಳ್ದ, ಕೊಟ್ಟೆ. ಫೋನೂ ಮರೆತು ಹೋಗಿದಾನೆ” ಎನ್ನುತ್ತಾರೆ. ಒಡಹುಟ್ಟಿದ ತಮ್ಮ ಕಂಬಳಿ ಹೊತ್ತು ಬೆಳಗಿನ ಬಸ್ಸು ಹತ್ತಿದರೆ ಎಲ್ಲಿಗೆ ಎಂದು ಕೇಳುವುದಿಲ್ಲವೇ ಯಾರಾದರೂ? ಕೊನೆಗೆ ಬಸ್ಸಿನ ಡ್ರೈವರನನ್ನೇ ಹುಡುಕಿ ಕೇಳಿದೆ, ಬಂಗಲೆಗೆ ಬಿಟ್ಟು ಬಂದೆ ಎಂದ. ಹಾಗಾದರೆ ನಿನ್ನೆ ಮಧ್ಯಾಹ್ನ ಎದುರಿಗೆ ಬಂದ ಬಸ್ಸಿಗೆ ನಾವು ದಾರಿ ಬಿಟ್ಟೆವಲ್ಲ, ಅದರಲ್ಲೇ ನೀನಿದ್ದೆ. ಎಂಥ ಮನೆಯವರಪ್ಪ ನಾವು.

ಕೋಪದಲ್ಲಿ ಹೋದೆಯೋ, ನೋಡಲೆಂದು ಹೋದೆಯೋ ನನಗೆ ಗೊತ್ತಾಗುತ್ತಿಲ್ಲ. ಡೈರೆಕ್ಟರು ಗಂಟೆಗೊಮ್ಮೆ ಬಂದು ಕೇಳುತ್ತಾರೆ. ಬಣ್ಣ ತರಲು ಹೋಗಿದ್ದಾನೆ ಎಂದು ಹೇಳಿದ್ದೇನೆ. ಸುಳ್ಳಲ್ಲ ಎಂದುಕೊಂಡಿದ್ದೇನೆ.

ನಿನ್ನೆ ಸಂಜೆ ಬಂದವಳೇ ನಿನ್ನ ಗೋಡೆಯ ಮುಂದೆ ನಿಂತೆ. ನಿಂತು ಅತ್ತೆ, ಹೇಳಲು ನಾಚಿಕೆಯೇನಿಲ್ಲ. ಆ ಚಂದ್ರ ಎಷ್ಟು ಚೆನ್ನಾಗಿದ್ದಾನೆ ಕಣೋ. ಅಲ್ಲಿ ಕೂತು ‘ಒಂದು ಹೋಗಬೇಕು’ ಎಂದು ಬರೆಯುವುದು ಸುಲಭವಿತ್ತು. ಇಲ್ಲಿ ನಿಂತಾಗ ನಾನು ನಿನ್ನಿಂದ ಏನು ಕೇಳಿದೆ ಎಂದು ಅರ್ಥವಾಯಿತು. ಆದರೂ ಕೇಳಿದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ.

ಇವತ್ತು ನರಿಯ ಬಾಯಿ ಮುಚ್ಚಿದೆ. ಅಣ್ಣ ಅಂಗಡಿ ಬಿಟ್ಟು ಬಂದು ದವಡೆ ಹಿಡಿದುಕೊಂಡರು. ಹಲ್ಲನ್ನು ತೆಗೆಯಲಿಲ್ಲ, ಒಳಗೇ ಇಟ್ಟು ತುಟಿ ಹೊಲಿದೆ. “ಇರ್ಲಿ ಬಿಡು, ಅಲ್ಲಿದೆ ಅಂತ ನಂಗೊತ್ತಲ್ಲ” ಎಂದರು. ನಿನ್ನ ಅಣ್ಣನನ್ನು ಕಟ್ಟಿಕೊಂಡದ್ದಕ್ಕೆ ನನಗೆ ಅಪರೂಪಕ್ಕೆ ಹೆಮ್ಮೆಯಾಗುತ್ತದೆ, ಇವತ್ತು ಆಯಿತು.

ಚಂದ್ರನನ್ನು ಇಟ್ಟರೂ, ತೆಗೆದರೂ, ಉದ್ಘಾಟನೆಯ ದಿನ ನಾನು ನಿನ್ನ ಪಕ್ಕದಲ್ಲೇ ನಿಲ್ಲುತ್ತೇನೆ. ಯಾರಾದರೂ ತಪ್ಪು ಎಂದರೆ ಮೊದಲು ನನ್ನನ್ನು ದಾಟಿ ಬರಲಿ. ಊಟ ಸರಿಯಾಗಿ ಮಾಡು.

ಅತ್ತಿಗೆ


ನವೆಂಬರ್ 22
ಬಂಗಲೆ

ಅತ್ತಿಗೆಗೆ ನಮಸ್ಕಾರಗಳು.

ಎರಡೂ ಪತ್ರ ಒಟ್ಟಿಗೆ ಬಂದವು. ಅಂದು ಬಸ್ಸಿನ ಕಿಟಕಿಯಿಂದ ‘ಎಲ್’ ಬೋರ್ಡಿನ ಕಾರು ನೋಡಿದೆ. ಈ ನಿರ್ಜನ ದಾರಿಯಲ್ಲಿ ಯಾರಪ್ಪ ಕಾರು ಕಲಿಯುತ್ತಿರುವುದು ಎಂದುಕೊಂಡೆ. ಮುಂದೆ ಹೋದ ಮೇಲೆ ಹೊಳೆಯಿತು. ಅಷ್ಟರಲ್ಲಿ ನೀವು ಧೂಳಿನಲ್ಲಿ ಮಾಯ.

ಕೋಪದಲ್ಲೇ ಹೊರಟೆ. ನಿಮ್ಮ ತಪ್ಪು ಹಿಡಿಯಬೇಕೆಂದು ಹೊರಟೆ. ಬಸ್ಸಿನಲ್ಲಿ ಕೂತ ಮೇಲೆ ಕೋಪ ಇಳಿಯಿತು, ಭಯ ಹತ್ತಿತು. ಯಾಕೆ ಎಂದು ಈಗ ಹೇಳಿಬಿಡುತ್ತೇನೆ. ನೀವು ಕರೆದಾಗ ಕೆಲಸವಿದೆ ಎಂದೆನಲ್ಲ, ಗೋಡೆ ಆಗಲೇ ಮುಗಿದಿತ್ತು. ಬಾಕಿಯಿದ್ದದ್ದು ಅಂಚಿನ ತಿದ್ದುಪಡಿ ಮಾತ್ರ. ನನಗೆ ಬರಲು ಹೆದರಿಕೆ. ನಿಜವಾದದ್ದನ್ನು ಒಮ್ಮೆ ನೋಡಿದರೆ ಮತ್ತೆ ಬ್ರಶ್ ಹಿಡಿಯಲು ಕೈ ಏಳದು, ಇದರ ಮುಂದೆ ನಾನೇನು ಬರೆಯುವುದು ಎನಿಸಿಬಿಡುತ್ತದೆ ಎಂಬ ಹೆದರಿಕೆ. ಅದಕ್ಕೇ ನಿಮ್ಮನ್ನು ಕಳಿಸಿ, ನಿಮ್ಮ ಪತ್ರದಲ್ಲಿ ನೋಡಿದರೆ ಸಾಕು ಎಂದುಕೊಂಡೆ. ನೀವು ನನ್ನದೇ ಚೆನ್ನ ಎಂದು ಬರೆದಾಗ ಎಷ್ಟು ನಿರಾಳವಾಯಿತು ಎಂದು ಹೇಳಲಾರೆ.

ಮೊದಲ ರಾತ್ರಿ ಅಂಗಳಕ್ಕೆ ಹೋಗಿ ಮಲಗಿದೆ. ಕಂಬಳಿಯನ್ನು ಮುಖದ ಮೇಲೆಳೆದುಕೊಂಡೇ ಬಹಳ ಹೊತ್ತು ಇದ್ದೆ. ಬಂಗಲೆ ನೋಡಿಕೊಳ್ಳುವವರು ಬಂದು, “ಹುಷಾರಿಲ್ವಾ ಸಾರ್?” ಎಂದು ಕೇಳಿದರು. ನಾಚಿಕೆಗೆ ಕಂಬಳಿ ಸರಿಸಿದೆ.

ಅತ್ತಿಗೆ, ನೀವು ಬರೆದದ್ದು ಸರಿ. ಆದರೆ ನೀವು ಬರೆಯದೆ ಬಿಟ್ಟದ್ದೂ ಬೇಕಾದಷ್ಟಿದೆ. ನನ್ನ ಗೋಡೆಯ ನಕ್ಷತ್ರಗಳೆಲ್ಲ ಒಂದೇ ಬಿಳಿ, ಒಂದೇ ಡಬ್ಬಿಯಿಂದ ಚಿಮ್ಮಿಸಿದ್ದು. ಇಲ್ಲಿ ಒಂದು ನೀಲಿ, ಒಂದು ಹಳದಿ, ಒಂದು ಕೆಂಡದ ಹಾಗೆ ಕೆಂಪು. ಆಕಾಶಗಂಗೆ ಬಿಳಿ ಪಟ್ಟಿಯಲ್ಲ, ಅದರೊಳಗೆ ಕಪ್ಪು ಕವಲುಗಳಿವೆ. ಆ ಕಪ್ಪಿನಿಂದಲೇ ಅದಕ್ಕೆ ಆಳ ಬಂದಿರುವುದು. ನೋಡುತ್ತಾ ನೋಡುತ್ತಾ ನನ್ನ ಬೆರಳು ಕಂಬಳಿಯ ಮೇಲೆ ತಾನಾಗಿಯೇ ಓಡಾಡುತ್ತಿತ್ತು. ಕೈ ನಿಲ್ಲಲಿಲ್ಲ. ನಾನು ಇಷ್ಟು ವರ್ಷ ಯಾವುದಕ್ಕೆ ಹೆದರಿದೆನೋ ಅದು ಆಗಲೇ ಇಲ್ಲ. ಖುಷಿಗೆ ಎದ್ದು ಕೂತು ಒಬ್ಬನೇ ನಕ್ಕೆ.

ನಿಮ್ಮ ನರಿಯ ವಿಷಯ. ನಿನ್ನೆ ಬಂದು ನನ್ನ ಎಡಗಾಲಿನ ಚಪ್ಪಲಿ ಕಚ್ಚಿಕೊಂಡು ಹೋಯಿತು. ಬಾಯಿ ತೆರೆಯುವುದೇ ಇಲ್ಲ ಎಂದು ಅಣ್ಣನಿಗೆ ಹೇಳಬೇಡಿ, ಬೇಕಾದಾಗ ಚೆನ್ನಾಗಿ ತೆರೆಯುತ್ತದೆ. ಹಲ್ಲು ಅವನು ಮಾಡಿದಷ್ಟೇ ಚೂಪಾಗಿವೆ.

ಈಗ ಮುಖ್ಯವಾದ ಮಾತು. ಚಂದ್ರ ಹೋಗಬೇಕು, ಆಕಾಶಗಂಗೆ ಇರಬೇಕು. ತೀರ್ಮಾನ ನನ್ನದೇ. ಆದರೆ ಆ ಏಣಿ ಹತ್ತಿ ಅವನ ಎದುರು ನಿಂತರೆ ನನ್ನ ಕೈಯಿಂದ ಆಗದು, ಅದು ನನಗೆ ಗೊತ್ತು. ನೀವು ಅಳಿಸಿ. ನನ್ನ ಏಣಿ ಹತ್ತಲು ನಿಮ್ಮನ್ನು ನಾನು ಇದುವರೆಗೆ ಬಿಟ್ಟಿಲ್ಲ, ಈಗ ಹತ್ತಿ. ಕಪ್ಪು ಬಣ್ಣದ ದೊಡ್ಡ ಡಬ್ಬಿ ಕಿಟಕಿಯ ಕೆಳಗಿದೆ. ಅದಕ್ಕೆ ಒಂದು ಚಮಚ ನೀಲಿ ಬೆರೆಸಿ, ಬರಿ ಕಪ್ಪು ಬೇಡ. ಅಗಲ ಬ್ರಶ್‌ನಲ್ಲಿ, ಅಂಚಿನಿಂದ ಒಳಗೆ.

ಇನ್ನೆರಡು ರಾತ್ರಿ ನನಗೆ ಬೇಕು. ಇಪ್ಪತ್ತನಾಲ್ಕರ ರಾತ್ರಿಯ ಬಸ್ಸಿಗೆ ಹೊರಟು ಬೆಳಗಾಗುವಾಗ ಅಲ್ಲಿರುತ್ತೇನೆ. ಡೈರೆಕ್ಟರನ್ನು ನೀವೇ ಸಂಭಾಳಿಸಬೇಕು. ಅದು ನಿಮಗೊಬ್ಬರಿಗೇ ಸಾಧ್ಯ.

ನಿಮ್ಮ ಮೈದುನ


ನವೆಂಬರ್ 24
ಮ್ಯೂಸಿಯಂ, ಏಣಿಯ ಮೇಲಿನಿಂದ

ಮೈದುನನಿಗೆ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಏಣಿಯ ಮೇಲಿನ ಹಲಗೆಗೆ ಅಂಟಿಸುತ್ತಿದ್ದೇನೆ, ನೀನು ಬಂದವನೇ ಮೊದಲು ಅಲ್ಲಿಗೇ ಹತ್ತುವವನು.

ಅಳಿಸಿದೆ.

ಅಣ್ಣ ಏಣಿ ಹಿಡಿದುಕೊಂಡಿದ್ದರು, ಬ್ರೇಕು ಇನ್ನೊಂದು ಕಾಲು ಹಿಡಿದಿದ್ದಳು. ನರ್ಸಮ್ಮ ಡೈರೆಕ್ಟರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು, ಅವರ ಬಿ.ಪಿ.ಯ ಮೇಲೆ ಒಂದು ಕಣ್ಣಿಟ್ಟು. ಒಂದು ಚಮಚ ನೀಲಿ ಬೆರೆಸಿದೆ. ಅಂಚಿನಿಂದ ಒಳಗೆ. ಮೊದಲ ಸಲ ಬ್ರಶ್ ಎತ್ತಿ ಮತ್ತೆ ಡಬ್ಬಿಗೇ ಇಟ್ಟೆ. ಆಮೇಲೆ ನೀನು ಅಲ್ಲಿ ಎದ್ದು ಕೂತು ಒಬ್ಬನೇ ನಕ್ಕೆ ಎಂದು ಬರೆದಿದ್ದೆಯಲ್ಲ, ಅದನ್ನು ನೆನೆದುಕೊಂಡೆ. ಮತ್ತೆ ನಿಲ್ಲಿಸಲಿಲ್ಲ.

ಡೈರೆಕ್ಟರು ಕಾರ್ಡು ಹಿಡಿದುಕೊಂಡು ಕೆಳಗಿನಿಂದ ಕೂಗಿದರು. “ಇದ್ರಲ್ಲಿ ಚಂದ್ರ ಇದಾನಲ್ಲಮ್ಮ, ನಾಳೆ ಜನ ಎಲ್ಲಿ ಅಂತ ಕೇಳಿದ್ರೆ ನಾನೇನ್ ಹೇಳ್ಲಿ?”

“ಮುಳುಗಿದ ಅಂತ ಹೇಳಿ ಸಾರ್” ಎಂದೆ.

ಅವರಿಗೇ ಚಂದ್ರನ ಬೆಳಕಿಗೆಂದು ಹಾಕಿದ್ದ ದೊಡ್ಡ ದೀಪವನ್ನು ಆರಿಸಲು ಹೇಳಿದೆ. ಗೊಣಗುತ್ತಲೇ ಆರಿಸಿದರು. ಎಲ್ಲರೂ ಕತ್ತಲಲ್ಲಿ ನಿಂತೆವು. ಮೊದಲು ಏನೂ ಕಾಣಲಿಲ್ಲ. ಸಣ್ಣ ಕಿಟಕಿಯಿಂದ ಬರುವ ಬೆಳಕಿಗೆ ಕಣ್ಣು ಹೊಂದಿಕೊಂಡಂತೆ ನಿನ್ನ ಆಕಾಶಗಂಗೆ ಮೆಲ್ಲಗೆ ಎದ್ದು ಬಂತು. ಅಷ್ಟು ದಿನ ಅದು ಚಂದ್ರನ ಹಿಂದೆ ಅಲಂಕಾರಕ್ಕೆ ಎಂಬಂತಿತ್ತು. ಈಗ ಕೋಣೆಯೆಲ್ಲ ಅದರದೇ. ಡೈರೆಕ್ಟರು ಕಾರ್ಡನ್ನು ಜೇಬಿಗೆ ಹಾಕಿಕೊಂಡು, “ದೀಪ ಹಾಕ್ಬೇಡಿ, ಇನ್ನೊಂದ್ ನಿಮಿಷ” ಎಂದರು.

ನಾನು ಮಾಡಬಹುದಾದದ್ದು ಇಷ್ಟೆ. ಚಂದ್ರ ಇದ್ದಲ್ಲಿ ಈಗ ಊಟದ ತಟ್ಟೆಯಗಲ ಬರಿಯ ಕತ್ತಲು ಇದೆ, ಒಂದು ಚುಕ್ಕಿಯೂ ಇಲ್ಲ. ಬಣ್ಣ ಒಣಗಿದೆ, ಮುಟ್ಟಿ ನೋಡಿದ್ದೇನೆ. ನೀಲಿ, ಹಳದಿ, ಕೆಂಪು ಮೂರು ಬಟ್ಟಲಲ್ಲಿ ಕಲಸಿ ಒದ್ದೆ ಬಟ್ಟೆ ಮುಚ್ಚಿದ್ದೇನೆ. ಬ್ರಶ್‌ಗಳನ್ನು ತೊಳೆದಿಟ್ಟಿದ್ದೇನೆ.

ಬಾಗಿಲು ಹತ್ತು ಗಂಟೆಗೆ ತೆಗೆಯುತ್ತಾರೆ. ಆ ಜಾಗಕ್ಕೆ ನೀನು ನೋಡಿದ್ದನ್ನು ಹಾಕು.

ಅತ್ತಿಗೆ